ಖಾಸೀಂಬಿಯ ದನಿ ಮತ್ತು ನನ್ನ ಫೋನು

ನಮ್ಮ ಅತನೂರಿನಲ್ಲಿ ಜೋಳ ಹಾಲುಗಾಳಾಗುವ ಹೊತ್ತಿಗೆ ಚಳಿ ಬರುತ್ತದೆ. ಚಳಿಯ ಹಿಂದೆ ಹಕ್ಕಿ ಬರುತ್ತವೆ. ಹಕ್ಕಿಯ ಹಿಂದೆ ಖಾಸೀಂಬಿ ಬರುತ್ತಿದ್ದಳು.

ಒಂದು ವರ್ಷ ಎಂಥ ಚಳಿ ಬಿತ್ತೆಂದರೆ, ನಮ್ಮ ಎಮ್ಮೆ ಹಾಲಿನ ಬದಲು ಬೆಣ್ಣೆಯನ್ನೇ ಕೊಟ್ಟಿತು. ಕರೆಯಲು ಹೋದ ನನ್ನ ಹೆಂಡತಿ ತಂಬಿಗೆ ಇಟ್ಟು ತಾಟು ತಂದಳು. ಮೊಮ್ಮಕ್ಕಳು ಇದನ್ನು ನಂಬುವುದಿಲ್ಲ, ನಂಬದಿದ್ದರೆ ಬಿಡಲಿ. ಆದರೆ ಆ ಚಳಿಯಲ್ಲೂ ಖಾಸೀಂಬಿ ಬೆಳಕು ಹರಿಯುವ ಮೊದಲೇ ಕಿವಿಗೆ ಬಟ್ಟೆ ಕಟ್ಟಿಕೊಂಡು ಹಣಮಂತರಾಯರ ಹೊಲದ ಮಂಚಿಕೆ ಏರಿರುತ್ತಿದ್ದಳು ಎಂಬುದು ನಿಜ. ನಾಲ್ಕು ಗಳ ನೆಟ್ಟು, ಮೇಲೆ ಹಲಗೆ ಹಾಸಿದ ಮಂಚಿಕೆ ಅದು. ಅಲ್ಲಿ ನಿಂತು ನಲವತ್ತು ದಿನ ಹಕ್ಕಿ ಓಡಿಸುವುದು ಅವಳ ಕೆಲಸ. ಕೂಲಿಯ ಜೊತೆಗೆ ರಾಶಿಯ ದಿನ ಎರಡು ಚೀಲ ಜೋಳ ಕೊಡುತ್ತಿದ್ದರು. ಅವಳ ಮನೆಯಲ್ಲಿ ವರ್ಷವಿಡೀ ಬೇಯುತ್ತಿದ್ದ ರೊಟ್ಟಿ ಆ ಎರಡು ಚೀಲದ್ದೇ.

ಅವಳು ಡಬ್ಬಿ ಬಡಿಯುತ್ತಿರಲಿಲ್ಲ, ಬರೀ ದನಿ. ಅವಳು ಇಲ್ಲಿ ಕೂಗಿದರೆ ಜೇವರ್ಗಿ ಸಂತೆಯಲ್ಲಿ ಕೋಳಿಗಳು ಬುಟ್ಟಿ ಹರಿದುಕೊಂಡು ಹಾರಿದವೆಂದು, ಮಾರುವವನು ಇಲ್ಲಿಗೇ ಬಂದು ಜಗಳ ತೆಗೆದನೆಂದು ನಾನು ಹೋಟೆಲಿನಲ್ಲಿ ಹೇಳುತ್ತಿದ್ದೆ. ಜನ ನಗುತ್ತಿದ್ದರು, ಅವಳೂ ನಗುತ್ತಿದ್ದಳು.

ಕೂಗು ಬರೀ ಕೂಗಾಗಿರಲಿಲ್ಲ, ಹಾಡಾಗಿತ್ತು. ಚಳಿಗಾಲಕ್ಕೆ ಒಂದು ಸಾಲಿನಂತೆ ಅದು ಬೆಳೆಯುತ್ತಿತ್ತು. ಆ ವರ್ಷ ಮನೆಯಲ್ಲಿ ಏನು ನಡೆದಿರುತ್ತದೋ ಅದೇ ಸಾಲು. ಗೋಡೆ ಬಿದ್ದ ವರ್ಷ ಗೋಡೆಯ ಸಾಲು. ಮಗಳು ಸಾಯಿರಾಳನ್ನು ಕೊಳಕೂರಿಗೆ ಮದುವೆ ಮಾಡಿಕೊಟ್ಟ ವರ್ಷ ಅವಳ ಸಾಲು. ಗಂಡ ಕರೀಮಸಾಬ ಎದೆನೋವು ಬಂದು ತೀರಿಕೊಂಡ ವರ್ಷ, ಸಾವಿನ ನಲವತ್ತು ದಿನ ತುಂಬಿದ ಮರುದಿನವೇ ಮಂಚಿಕೆ ಹತ್ತಿ ಅವಳು ಕಟ್ಟಿದ ಸಾಲು ನನಗೆ ಬಾಯಿಪಾಠ:

"ತೆನಿ ನೀ ಒಯ್ದಿ ಗುಬ್ಬೀ, ನನ ಜೋಡಿ ಯಾರ ಒಯ್ದಾರ, ಹೋ..."

ಆ "ಹೋ" ಬಂದಾಗ ಹೊಲದ ತುಂಬ ಒಂದು ಗುಬ್ಬಿಯೂ ಉಳಿಯುತ್ತಿರಲಿಲ್ಲ. ಇದನ್ನೆಲ್ಲ ಹಕ್ಕಿಯ ಮುಂದೆ ಯಾಕೆ ಹಾಡುತ್ತೀ ಎಂದು ಒಮ್ಮೆ ಕೇಳಿದ್ದೆ.

"ಹಕ್ಕಿ ಮುಂದ ಹೇಳ್ಕೊಂಡ್ರ ಊರಾಗ ಸುದ್ದಿ ಆಗಂಗಿಲ್ಲಲ್ಲ, ಹುಲೆಪ್ಪಣ್ಣ" ಎಂದಿದ್ದಳು.

ಸುದ್ದಿ ಮಾಡಿದವನು ನಾನು.

ಮೂರು ವರ್ಷದ ಹಿಂದೆ ಮಗ ನನಗೊಂದು ದೊಡ್ಡ ಫೋನು ಕೊಡಿಸಿದ. ಹೊಸ ಫೋನು ಸಿಕ್ಕ ಮುದುಕನಿಗೂ ಹೊಸ ಕೊಂಬು ಮೂಡಿದ ಹೋರಿಗೂ ವ್ಯತ್ಯಾಸವಿಲ್ಲ. ಮಂಚಿಕೆಯ ಕೆಳಗೆ ಕೂತು ಅವಳ ಹಾಡನ್ನು ಮೊದಲಿನಿಂದ ಕೊನೆಯವರೆಗೆ ತುಂಬಿಕೊಂಡೆ. ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ. ದಿನಾ ಹೋಟೆಲಿನಲ್ಲಿ ಕೂತು ಹಚ್ಚಿ ಕೇಳಿಸುತ್ತಿದ್ದೆ. ಹಣಮಂತರಾಯರ ಮಗ ಗುರುಶಾಂತ ಒಂದು ದಿನ ಕೇಳಿದ, ಮುತ್ಯಾ ನನಗೂ ಕಳಿಸು ಎಂದ. ನನ್ನ ಫೋನಿನಿಂದಲೂ ಯಾರಿಗಾದರೂ ಏನಾದರೂ ಬೇಕಾಯಿತಲ್ಲ ಎಂದು ಉಬ್ಬಿ ಕಳಿಸಿದೆ.

ಹೋದ ವರ್ಷ ಗುರುಶಾಂತ ಆಳಂದದಿಂದ ಬ್ಯಾಟರಿಯ ಭೋಂಗಾ ತಂದ. ತರಕಾರಿ ಮಾರುವವರ ಗಾಡಿಯ ಮೇಲಿರುತ್ತದಲ್ಲ, ಅಂಥದ್ದು. ಖಾಸೀಂಬಿ ಎಂದಿನಂತೆ ಮೊದಲ ದಿನ ಹೊಲಕ್ಕೆ ಹೋದರೆ ಮಂಚಿಕೆಯ ಮೇಲೆ ಭೋಂಗಾ ಕೂತಿತ್ತು, ಅದರೊಳಗೆ ಅವಳೇ ಕೂಗುತ್ತಿದ್ದಳು. ಹಾಡು ಪೂರ್ತಿ ಇರಲಿಲ್ಲ. ಗುರುಶಾಂತ ಎಲ್ಲ ಕತ್ತರಿಸಿ ಕರೀಮಸಾಬನ ಆ ಒಂದೇ ಸಾಲನ್ನು ಇಟ್ಟಿದ್ದ. ಅರ್ಧ ನಿಮಿಷಕ್ಕೊಮ್ಮೆ ಅದೇ ಸಾಲು, ಅದೇ "ಹೋ".

ಬದುವಿನ ಮೇಲೆ ನಾನೂ ಇದ್ದೆ. ಅವಳು ನಿಂತು ಮೂರು ಸಲ ಕೇಳಿದಳು. ಕೆಲಸದ ಮಾತನ್ನೇ ಎತ್ತಲಿಲ್ಲ.

"ಗುರುಶಾಂತಪ್ಪ, ಬ್ಯಾರೆ ಯಾವ್ದಾರ ಹಾಕು. ಅದೊಂದು ಬ್ಯಾಡ" ಎಂದಳು.

"ಅದೇ ಭಾಳ ಜೋರ ಅದ, ಚಾಚಿ. ಉಳದಿದ್ದು ಮೆತ್ತಗ ಅದಾವ" ಎಂದ ಅವನು. ಅವನ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ರಾಶಿಯಲ್ಲಿ ಒಂದು ಚೀಲ ಕೊಡುತ್ತೇವೆ, ನೀನು ಮನೆಯಲ್ಲೇ ಬೆಚ್ಚಗಿರು ಎಂದೂ ಹೇಳಿದ.

ವಾರದೊಳಗೆ ಸುತ್ತಲಿನ ಐದು ಹೊಲದವರು ಭೋಂಗಾ ತಂದರು, ಗುರುಶಾಂತನಿಂದ ಆ ಸಾಲನ್ನೂ ತುಂಬಿಸಿಕೊಂಡರು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಖಾಸೀಂಬಿಯ ಗಂಡ ಐದಾರು ಹೊಲಗಳಲ್ಲಿ ಸಾಯುತ್ತಿದ್ದ. ಅವಳ ಮನೆ ಊರಂಚಿನಲ್ಲಿದೆ. ಬಾಗಿಲು ಹಾಕಿಕೊಂಡು ಹೊಗೆಯಲ್ಲೇ ರೊಟ್ಟಿ ಬಡಿಯುತ್ತಿದ್ದಳು.

ಮೊದಲ ವಾರ ಹಕ್ಕಿ ಹೆದರಿದವು. ಎರಡನೆಯ ವಾರ ಎದ್ದು ಒಂದು ಸುತ್ತು ಹಾರಿ ಮತ್ತೆ ಕೂತವು. ಮೂರನೆಯ ವಾರ ಭೋಂಗಾದ ಮೇಲೆಯೇ ಗಿಳಿಗಳು ಸಾಲಾಗಿ ಕೂತು ತೆನೆ ತಿಂದವು. ಅರ್ಧ ಹೊಲ ಬೋಳಾಯಿತು. ಆಗ ಹಣಮಂತರಾಯರು ಅವಳನ್ನು ಕರೆತರಲು ನನ್ನನ್ನೇ ಕಳಿಸಿದರು. ಅವಳು ಕಿವಿಗೆ ಬಟ್ಟೆ ಕಟ್ಟಿಕೊಂಡು ಹೊರಟಳು.

ಗುರುಶಾಂತ ಭೋಂಗಾ ಬಂದ್ ಮಾಡಿದ. ಅವಳು ಮಂಚಿಕೆ ಹತ್ತಿದಳು. ಹಣಮಂತರಾಯರು, ಗುರುಶಾಂತ, ನಾನು ಕೆಳಗೆ ಮುಖವೆತ್ತಿ ನಿಂತಿದ್ದೆವು. ಅವಳು ಮೊದಲ ವರ್ಷದ ಸಾಲಿನಿಂದ ಎತ್ತಿಕೊಂಡಳು. ಗೋಡೆ ಬಂತು, ಮಗಳು ಬಂದಳು, ಒಂದು ಹಕ್ಕಿಯೂ ಏಳಲಿಲ್ಲ. ಕರೀಮಸಾಬನ ಸಾಲಿಗೆ ಬಂದಾಗ ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಒಂದು ಮಾರು ದೂರದಲ್ಲಿದ್ದ ಗಿಳಿಯೊಂದು ಕತ್ತು ಹೊರಳಿಸಿ ಅವಳನ್ನು ನೋಡಿತು, ಮತ್ತೆ ತೆನೆಗೆ ಬಾಯಿ ಹಾಕಿತು.

ಇನ್ನೊಮ್ಮೆ ಕೂಗಿದಳು. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಭ್ಯಾಸಬಲ, ಗಿಳಿಗಳಿಗೂ ಚಳಿಗೆ ಕಿವಿ ಮುಚ್ಚಿರಬೇಕು ಎಂದೆ. ಯಾರೂ ನಗಲಿಲ್ಲ.

ಅವಳು ಇಳಿದು ಬಂದಳು. ಗುರುಶಾಂತ ತಲೆ ಕೆಳಗೆ ಹಾಕಿ, ಈ ಹಕ್ಕಿಗಳಿಗೆ ಏನಾಗಿದೆಯೋ ಎಂದ.

"ಹಕ್ಕೀದೇನ ತಪ್ಪಪ್ಪ" ಎಂದಳು. "ನಾ ಅಳೋದು ಕೇಳಿ ಕೇಳಿ ನಿಮಗೂ ರೂಢಿ ಆತು, ಅವಕ್ಕೂ ಆತು."

ಆ ವರ್ಷದ ಚೀಲವನ್ನು ಅವಳು ಮುಟ್ಟಲಿಲ್ಲ. ನಾನು ಅವಳ ಮನೆಯ ಮುಂದೆ ಹೋಗಿ, ಅವಳ ಕಣ್ಣೆದುರೇ ಹಾಡನ್ನು ಫೋನಿನಿಂದ ಅಳಿಸಿದೆ. ಊರಿನ ಎಲ್ಲರ ಫೋನಿನಲ್ಲಿ ಅದು ಇದೆಯಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ಈ ಚಳಿಗಾಲ ಹಣಮಂತರಾಯರು ಜೋಳ ಬಿಟ್ಟು ಕಡಲೆ ಹಾಕಿದ್ದಾರೆ. ಖಾಸೀಂಬಿ ಹತ್ತಿ ಬಿಡಿಸಲು ಹೋಗುತ್ತಾಳೆ. ಉಳಿದ ಹೆಂಗಸರು ಸಾಲು ಹಿಡಿದು ಹಾಡುತ್ತಾರೆ, ಅವಳು ಸುಮ್ಮನೆ ಬಿಡಿಸುತ್ತಾಳೆ. ಮೊನ್ನೆ ಅಲ್ಲಿ ಹೋಗಿ, ತಂಗಿ ಹೇಗಿದ್ದೀ ಎಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಕಿಸೆದಾಗ ಫೋನ್ ಅದ ಏನಣ್ಣ? ಮನ್ಯಾಗ ಇಟ್ಟ ಬಾ. ಆಮ್ಯಾಲ ಮಾತಾಡ್ತೇನಿ."

ಮರುದಿನ ಫೋನು ಬಿಟ್ಟು ಹೋದೆ. ಮಾತಾಡಿದಳು. ಹತ್ತಿ ಈ ಸಲ ಸಣ್ಣದಾಗಿದೆ ಎಂದಳು, ಮೊಣಕಾಲು ಹಿಡಿಯುತ್ತದೆ ಎಂದಳು. ಅಷ್ಟು ಹೇಳುವುದರೊಳಗೆ ಎರಡು ಸಲ ನನ್ನ ಕಿಸೆಯ ಕಡೆ ನೋಡಿದಳು.