ಮಾಣಿಕರಾಯರ ಖುರ್ದಬೀನು

ಡಾಕ್ಟರ್ ಮಾಣಿಕರಾಯರ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿತ್ತು. ಜೇವರ್ಗಿಯ ದವಾಖಾನೆಯಲ್ಲಿ ಕಿಟಕಿಯ ಬೆಳಕಿಗೆ ಖುರ್ದಬೀನು ಇಟ್ಟುಕೊಂಡು, ಒಂದೇ ಕಣ್ಣಲ್ಲಿ ನೋಡಿ ನೋಡಿ ಅಂಟಿದ ಚಾಳಿ ಅದು. ಖುರ್ದಬೀನೆಂದರೆ ಹಿತ್ತಾಳೆಯ ಸೂಕ್ಷ್ಮದರ್ಶಕ; ನಿಜಾಮರ ಕಾಲದಲ್ಲಿ ನಮಗೆ ಉರ್ದು ಹೆಸರೇ ಗೊತ್ತಿತ್ತು. ನೆಗಡಿಯೆಂದು ಹೋದವನೂ ಅದರಲ್ಲಿ ತನ್ನ ರಕ್ತ ನೋಡಿಯೇ ಬರಬೇಕು, ಅಂಥ ಹುಚ್ಚು ಅವರಿಗೆ. "ಎದಿಯೊಳಗಿನ ಜೀವಕಣ ಸತ್ರ ಮತ್ತ ಹುಟ್ಟಂಗಿಲ್ಲ. ಕೆಟ್ಟ ಗಂಟಿನ ಕಣ ಹುಟ್ಟೂದ ಬಿಡಂಗಿಲ್ಲ. ಎರಡಕ್ಕೂ ನನ್ನ ಕಡಿ ಔಷಧ ಇಲ್ಲ," ಎಂದು ನಗುತ್ತಿದ್ದರು. ಆ ನಗು ನನಗೆ ಈಗಲೂ ಸೇರುವುದಿಲ್ಲ.

ನಮ್ಮವ್ವನಿಗೆ ದವಡೆಯಲ್ಲಿ ತಂಬಾಕು ಒತ್ತಿಕೊಳ್ಳುವ ರೂಢಿ. ಅಲ್ಲೇ ಹುಣ್ಣಾಯಿತು. ನಮ್ಮೂರು ಇಜೇರಿಯಿಂದ ಬಂಡಿ ಕಟ್ಟಿಕೊಂಡು, ಖಾಲಿ ಬಾಟಲಿ ಹಿಡಿದು ಮೂರು ತಿಂಗಳು ಎಡತಾಕಿದೆವು. ರಾಯರು ಪ್ರತಿಸಲ ಬಾಯಿ ಮುಕ್ಕಳಿಸುವ ಕೆಂಪು ನೀರು ತುಂಬಿ ಕಳಿಸಿದರು. ಊರ ಮಂದಿಯ ರಕ್ತವನ್ನೆಲ್ಲ ಖುರ್ದಬೀನಿನಲ್ಲಿ ನೋಡಿದ ಮನುಷ್ಯ ಅವ್ವನ ಹುಣ್ಣನ್ನು ಮಾತ್ರ ನೋಡಲಿಲ್ಲ.

ಹುಣ್ಣು ಗಂಟು ಕಟ್ಟಿದ ಮೇಲೆ ಅದರ ಚೂರು ಕತ್ತರಿಸಿ, ತೆಳ್ಳಗೆ ಹೆರೆದು, ಬಣ್ಣ ಹಾಕಿ ನೋಡಿದರು. ಅವ್ವ ತಾನೂ ನೋಡುತ್ತೇನೆಂದು ಹಟ ಹಿಡಿದಳು. ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳ ಬಿಡುವುದರಲ್ಲಿ ಅವಳ ಕೈಗೆ ಊರಲ್ಲೇ ಸಾಟಿಯಿರಲಿಲ್ಲ. ಒಂದು ಕಾಳು ಹೆಚ್ಚು ಬೀಳದು. ಬಗ್ಗಿ ನೋಡಿದವಳೇ, "ಸಾಲು ತಪ್ಯಾದಲ್ರಿ ಸಾಹೇಬ್ರ. ಕಾಳು ಒಂದರ ಮ್ಯಾಲೊಂದು ಬಿದ್ದಾವ," ಎಂದಳು. ರಾಯರು ಮುಖ ತಿರುಗಿಸಿದರು. ಇನ್ನು ಏನೂ ಮಾಡಲಾಗದೆಂದು ನನ್ನನ್ನು ಹೊರಗೆ ಕರೆದು ಹೇಳಿದರು.

ಬಂಡಿಯಲ್ಲಿ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಅವ್ವ ನನ್ನ ಕೈ ಹಿಡಿದಳು.

"ಅವರಿಗಿ ಬೈಬ್ಯಾಡ ಮಗಳ. ಬಿತ್ತಿದಾಕಿಗೂ ಮೊಳಕಿ ಬಂದ ಮ್ಯಾಲೇ ಸಾಲು ತಪ್ಪಿದ್ದು ತಿಳೀತದ. ನಾ ಹಿಂಗಂದೆ ಅಂತ ಅವರಿಗಿ ಹೇಳು."

ದೀಪಾವಳಿಗೆ ಮುಂಚೆಯೇ, ತುತ್ತು ಇಳಿಯದೆ, ಕಡೆಗೆ ನೀರೂ ಇಳಿಯದೆ ಅವ್ವ ಹೋದಳು.

ಮತ್ತೆ ನಾನು ದವಾಖಾನೆಗೆ ಹೋದದ್ದು ನನ್ನ ಜ್ವರಕ್ಕೆ. ಖುರ್ದಬೀನಿಗೆ ಬಟ್ಟೆ ಹೊದಿಸಿತ್ತು. ರಾಯರು ಗೋಡೆಗೆ ಒರಗಿ ಎದೆ ನೀವಿಕೊಳ್ಳುತ್ತಿದ್ದರು. ಎದೆನೋವು ಎರಡು ಸಲ ಬಂದು ಹೋಗಿದೆ, ಮೂರನೆಯದಕ್ಕೆ ಕಾಯುತ್ತಿದ್ದೇನೆ ಎಂದರು. ನನ್ನ ಬಾಟಲಿ ತುಂಬಿ ಕೊಡುತ್ತ ಕೇಳಿದರು:

"ತಂಗಿ, ಮೊದಲನೇ ತಿಂಗಳೇ ನೋಡಬೇಕಿತ್ತು ನಾನು. ನಿಮ್ಮವ್ವಾರು ನನಗ ಏನಾರ ಅಂದ್ರೇನು?"

ಅವ್ವನ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೊಟ್ಟೆಯೊಳಗಿನ ಸಿಟ್ಟು ಆರಿರಲಿಲ್ಲ.

"ಏನೂ ಅನ್ನಲಿಲ್ರಿ," ಎಂದೆ.

ಬಾಟಲಿ ಮುಗಿದು ಮತ್ತೆ ಹೋದಾಗ ರಾಯರು ತೀರಿಕೊಂಡು ಮೂರು ದಿನವಾಗಿತ್ತು. ಕಿಟಕಿಯ ಬಳಿ ಕುಳಿತಿದ್ದ ಹೊಸ ಡಾಕ್ಟರು ಎರಡೂ ಕಣ್ಣು ತೆರೆದು ನನ್ನ ಹೆಸರು ಕೇಳಿದರು. ಅವ್ವ ಕಳಿಸಿದ ಮಾತು ನನ್ನ ಹತ್ತಿರವೇ ಉಳಿಯಿತು.