ಕಿವಿಯಕ್ಕ ತಿಂದ ಐದನೇ ಡಬ್ಬಿ

ಆಹಾರ ಬ್ಯಾಂಕಿನ ಗೋದಾಮಿನಲ್ಲಿ ಅವಳ ಹೆಸರು ಕಿವಿಯಕ್ಕ. ಹದಿನಾಲ್ಕು ವರ್ಷದಿಂದ ಅದೇ ಉದ್ದನೆಯ ಮೇಜಿನ ಮುಂದೆ ನಿಂತು ಕೆಲಸ ಮಾಡಿದವಳು. ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದದ್ದು ಲಾರಿಯಲ್ಲಿ ಅಲ್ಲಿಗೆ ಬರುತ್ತಿತ್ತು. ತಾರೀಕು ನೋಡಿ, ಕೆಟ್ಟದ್ದನ್ನು ಆಚೆ ಹಾಕಿ, ಒಳ್ಳೆಯದನ್ನು ತೂಗಿ ಕಟ್ಟಿಟ್ಟರೆ, ಬಡವರಿಗೆ ಹಂಚುವ, ಸುತ್ತಲಿನ ಹನ್ನೆರಡು ಊರಿನ ಕೇಂದ್ರಗಳಿಗೆ ವ್ಯಾನು ಹೊರಡುತ್ತಿತ್ತು.

ತಗಡಿನ ಡಬ್ಬಿಗಳು ಅವಳ ಪಾಲಿನ ಕೆಲಸ. ಕೈಗೆ ಬಂದ ಪ್ರತಿಯೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸುವುದು ಅವಳ ಚಾಳಿ. ಬಟಾಣಿ ಗಲಗಲ, ಅನಾನಸ್ ಗುಳುಗುಳು, ಮೀನು ಮಾತ್ರ ಹೊಸ ಸೊಸೆಯ ಹಾಗೆ ತುಟಿಪಿಟಕ್ ಅನ್ನುವುದಿಲ್ಲ. "ಡಬ್ಬಿ ಹೇಳೋದು ಇವಳಿಗೆ ಕೇಳತ್ತೆ, ನಾನು ಹೇಳೋದು ಕೇಳಲ್ಲ" ಎಂದು ಮನೆಯಲ್ಲಿ ಗಂಡ ಗೊಣಗುತ್ತಿದ್ದ.

ಒಂದು ಬೆಳಿಗ್ಗೆ ಗೋದಾಮಿನ ನೀರಿನ ಪೈಪು ಒಡೆದು ಮೂವತ್ತು ಪೆಟ್ಟಿಗೆ ನೆನೆದವು. ಚೀಟಿಗಳೆಲ್ಲ ಕಳಚಿ, ಡಬ್ಬಿಗಳು ಪುಕ್ಕ ಕಿತ್ತ ಕೋಳಿಗಳಂತೆ ನಿಂತವು. ಅದೇ ಹೊತ್ತಿಗೆ ಗುಡ್ಡದೂರಿನ ಕೇಂದ್ರದ ಟೀಚರಮ್ಮನ ಫೋನು ಬಂತು. ಸಂಜೆಗೆ ಅರವತ್ತು ಮನೆಯವರು ಬರುತ್ತಾರೆ, ಕಪಾಟು ಖಾಲಿ ಎಂದರು. ಆ ವಾರ ಅವರಿಗೆಂದು ಇಟ್ಟಿದ್ದೇ ಆ ಮೂವತ್ತು ಪೆಟ್ಟಿಗೆ.

ಮೇಲ್ವಿಚಾರಕ ಅವಳ ಮಗನಿಗಿಂತ ಚಿಕ್ಕವನು. ನಿಯಮದ ಗೆರೆ ದಾಟುವವನಲ್ಲ.

"ಅಕ್ಕ, ಚೀಟಿ ಇಲ್ಲದ ಡಬ್ಬಿ ಕಸಕ್ಕೆ. ನಿಯಮ ನಾನು ಮಾಡಿದ್ದಲ್ಲ."

"ರುಚಿ ಚೀಟಿಯಲ್ಲಿರತ್ತೇನಪ್ಪ? ಐದು ಡಬ್ಬಿ ಕೊಡು, ಒಳಗೇನಿದೆ ಅಂತ ಹೇಳ್ತೀನಿ. ಒಂದು ತಪ್ಪಿದ್ರೂ ನಾನೇ ಎಲ್ಲಾನೂ ಕಸಕ್ಕೆ ಹಾಕ್ತೀನಿ."

ಎಲ್ಲರೂ ಸುತ್ತ ನೆರೆದರು. ಬಟಾಣಿ ಅಂದಳು, ಬಟಾಣಿ. ಅನಾನಸ್ ಅಂದಳು, ಅನಾನಸ್. ಟೊಮೆಟೊ, ಜೋಳ, ಅವೂ ಸರಿಯಾದವು. ಐದನೆಯದು ಸದ್ದೇ ಮಾಡಲಿಲ್ಲ. ಮೀನು ಅಂದಳು. ತೆರೆದರೆ ಮೀನಿನ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಗೆದ್ದ ಹುಮ್ಮಸ್ಸಿನಲ್ಲಿ ಒಂದು ಚಮಚ ಬಾಯಿಗೆ ಹಾಕಿಕೊಂಡು, ಉಪ್ಪು ಸ್ವಲ್ಪ ಕಡಿಮೆ, ಆದರೆ ಒಳ್ಳೆ ಮಾಲು ಎಂದು ತೀರ್ಪು ಕೊಟ್ಟಳು. ವ್ಯಾನಿನ ಡ್ರೈವರು ಎರಡು ಚಮಚ ತಿಂದು ಮೂರನೆಯದಕ್ಕೆ ಕೈ ಚಾಚಿದ.

ಮೇಲ್ವಿಚಾರಕನಿಗೆ ಮಾತ್ರ ಸಮಾಧಾನವಿಲ್ಲ. ಆ ಪೆಟ್ಟಿಗೆಗಳನ್ನು ಕಳಿಸಿದ್ದ ಕಾರ್ಖಾನೆಗೆ ಫೋನು ಮಾಡಿ, ಮುಚ್ಚಳದ ಮೇಲೆ ಒತ್ತಿದ್ದ ನಂಬರನ್ನು ಓದಿದ. ಆ ಕಡೆಯ ಮಾತು ಕೇಳಿ ಫೋನು ಕೆಳಗಿಟ್ಟ.

"ಅಕ್ಕ, ಅದು ಬೆಕ್ಕಿನ ಊಟ."

ಡ್ರೈವರು ಮೆಲ್ಲಗೆ ಚಮಚ ಕೆಳಗಿಟ್ಟು, ಮನುಷ್ಯರು ತಿಂದರೆ ಏನಾಗುತ್ತದೆ ಎಂದು ಕೇಳಿಬಿಡಿ ಎಂದ.

ಕಿವಿಯಕ್ಕನ ಮುಖ ಸಪ್ಪಗಾಯಿತು. ಆದರೂ ಆಡಿದ ಮಾತಿಗೆ ತಪ್ಪದೆ ಮೊದಲ ಪೆಟ್ಟಿಗೆಯನ್ನು ಕಸದ ತೊಟ್ಟಿಯ ಕಡೆಗೆ ಎಳೆದಳು. ಅರ್ಧ ದಾರಿಯಲ್ಲಿ ಥಟ್ಟನೆ ನಿಂತಳು.

"ಒಂದು ನಂಬರು ಹೇಳಿದವರಿಗೆ ಉಳಿದದ್ದೂ ಗೊತ್ತಿರತ್ತಲ್ವಾ? ನನ್ನ ಕಿವಿ ಹಾಳಾಗ್ಲಿ, ಮುಚ್ಚಳ ಓದೋಣ. ಚೀಟಿ ಅಂಟಿಸಿದ್ರೆ ನಿನ್ನ ನಿಯಮಕ್ಕೂ ಹೊಟ್ಟೆ ತುಂಬತ್ತೆ."

ಅವನು ತಲೆ ಕೆರೆದುಕೊಂಡ, ನಕ್ಕ, ಮತ್ತೆ ಫೋನು ಹಿಡಿದ. ಪದಾರ್ಥಗಳ ಪಟ್ಟಿ, ತಾರೀಕು ಎಲ್ಲ ಕಾರ್ಖಾನೆಯಿಂದ ಬಂತು. ಅಲ್ಲೇ ಚೀಟಿ ಅಚ್ಚಾಯಿತು. ಹದಿನಾಲ್ಕು ವರ್ಷ ಕನ್ನಡಕ ಬೇಡವೆಂದು ಜಂಬ ಕೊಚ್ಚಿದವಳು ಅಂದು ಚೀಲದ ತಳದಿಂದ ಅದನ್ನು ತೆಗೆದು, ಒಂದೊಂದೇ ಮುಚ್ಚಳ ಓದಿ ಹೇಳಿದಳು, ಉಳಿದವರು ಅಂಟಿಸಿದರು. ಹನ್ನೊಂದಕ್ಕೆ ಹೊರಡಬೇಕಿದ್ದ ವ್ಯಾನು ಎರಡಕ್ಕೆ ಹೊರಟಿತು. ಬೆಕ್ಕಿನ ಊಟದ ಪೆಟ್ಟಿಗೆಯನ್ನೂ ಅವಳೇ ಬೇರೆಯಾಗಿ ಕಟ್ಟಿ ಏರಿಸಿದಳು.

ಕತ್ತಲಾಗುವ ಮುಂಚೆ ಟೀಚರಮ್ಮನ ಫೋನು ಬಂತು. ಅರವತ್ತು ಮನೆಗೂ ಸಾಕಾಯಿತಂತೆ. ತನ್ನ ಪಾಲಿನಲ್ಲಿ ಅರ್ಧವನ್ನು ಬೆಕ್ಕಿಗೇ ಹಾಕುತ್ತಿದ್ದ ತಾತನೊಬ್ಬ, ಈ ವಾರ ಬೆಕ್ಕಿಗೆ ಅದರದೇ ಡಬ್ಬಿ ಸಿಕ್ಕಿತು, ತನ್ನ ಪಾಲು ಪೂರ್ತಿ ತಾನೇ ಉಣ್ಣುತ್ತೇನೆಂದು ಹೇಳಿ ಹೋದನಂತೆ.

ಮರುದಿನ ಅವಳು ಒಳಗೆ ಕಾಲಿಟ್ಟಾಗ ಡ್ರೈವರು ಮೂಲೆಯಿಂದ ಮಿಯಾಂವ್ ಅಂದ. ಕಿವಿಯಕ್ಕ ಕೇಳಿಸದವಳ ಹಾಗೆ ಒಂದು ಡಬ್ಬಿ ಎತ್ತಿ ಅಲ್ಲಾಡಿಸಿದಳು, ಕನ್ನಡಕ ಏರಿಸಿ ಮುಚ್ಚಳ ಓದಿದಳು.

"ಎರಡು ಚಮಚ ತಿಂದವನು ನೀನು ಕಣೋ. ನಂದು ಒಂದೇ."