ಫುಗಡಿಯಲ್ಲಿ ಬಿಟ್ಟ ಕೈ

ನನ್ನ ಮಗಳು ಬಿಸಿ ಉಪ್ಪಿಟ್ಟಿಗೆ ಫೂ ಫೂ ಎಂದು ಊದುವುದು ಕೇಳಿದರೆ ನನ್ನ ಕೈ ಕೆಲಸ ಬಿಟ್ಟು ನಿಲ್ಲುತ್ತದೆ. ಗೋವಾದ ಉಸಗಾಂವದ ಹೆಣ್ಣುಮಕ್ಕಳು ಚೌತಿಯ ದಿನಗಳಲ್ಲಿ ಫುಗಡಿ ಆಡುವಾಗ, ತಿರುಗುವ ವೇಗ ಏರಿದಂತೆ, ಹೀಗೇ ಉಸಿರು ಬಿಡುತ್ತಿದ್ದರು. ಆ ಸದ್ದಿನ ಹಿಂದೆಯೇ ನಮ್ಮ ಹಳೆಯ ಮನೆ ಬರುತ್ತದೆ. ಗಣಿ ಕಂಪನಿಯವರು ಕೊಟ್ಟ ಎರಡು ಕೋಣೆ, ಮುಂದೆ ಸಿಮೆಂಟಿನ ಕಟ್ಟೆ, ಅದಿರಿನ ಲಾರಿ ಹೋದಾಗಲೆಲ್ಲ ನಡುಗುವ ಕಿಟಕಿ. ಅಪ್ಪ ಧಾರವಾಡದಿಂದ ಬಂದು ಆ ಗಣಿಯ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಅವ್ವ ಒಣಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ದಿನಾ ಅದನ್ನು ಝಾಡಿಸಿ ಗೊಣಗಿ ಮಡಚಿಡುತ್ತಿದ್ದಳು.

ಆ ಕಟ್ಟೆಗೆ ದಿನವೂ ಬರುತ್ತಿದ್ದವಳು ರೇಣುಕಾ. ಮುದ್ದೇಬಿಹಾಳದ ಕಡೆಯವಳು, ನನ್ನದೇ ತರಗತಿ. ಅವಳ ತಾಯಿ ಕಾಶವ್ವ ಗಣಿಯ ರಸ್ತೆ ಗುಡಿಸುವ ಕೂಲಿಗೆ ಹೋಗುತ್ತಿದ್ದಳು. ಕಟ್ಟೆಯ ಮೇಲೆ ನಾವಿಬ್ಬರೂ ಶೇಂಗಾ ಸುಲಿಯುತ್ತ ಹೊತ್ತು ಮುಳುಗುವವರೆಗೆ ಕನ್ನಡದಲ್ಲಿ ಹರಟುತ್ತಿದ್ದೆವು. ಶಾಲೆಯ ಕಥೆಯೇ ಬೇರೆ. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ನಾನು ಸುಲಕ್ಷಾಳ ಗುಂಪು ಸೇರಿದ್ದೆ. ನಾಲ್ಕು ಕೊಂಕಣಿ ಹುಡುಗಿಯರು. ಎಲ್ಲರಿಗೂ ಒಂದೇ ಬಣ್ಣದ ರಿಬ್ಬನ್ನು, ಒಂದೇ ಬೆಂಚು, ಒಂದೇ ನಗು. ಕೂಲಿ ಜನರನ್ನು ಕಂಡರೆ ಅವರು ‘ಘಾಟಿ’ ಎಂದು ನಗುತ್ತಿದ್ದರು, ಜೊತೆಗೆ ನಾನೂ ನಗುತ್ತಿದ್ದೆ. ನಾನೇನು ಸಮುದ್ರದಿಂದ ಎದ್ದು ಬಂದವಳೇ? ನಾನೂ ಘಟ್ಟದ ಮೇಲಿನವಳೇ. ಆದರೆ ಆಫೀಸಿನವರ ಮಗಳು. ಆ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿದು ನೇತಾಡುತ್ತಿದ್ದೆ. ಹದಿನಾಲ್ಕರ ವಯಸ್ಸಿನಲ್ಲಿ ಗುಂಪಿನಿಂದ ಹೊರಬೀಳುವ ಹೆದರಿಕೆ ಎಂಥದ್ದೆಂದು ನಿಮಗೂ ನೆನಪಿರಬೇಕು.

ಆ ವರ್ಷ ಚೌತಿಗೆ ಮುಂಚೆ ಶಾಲೆಯಲ್ಲಿ ಫುಗಡಿ ಸ್ಪರ್ಧೆ. ರೇಣುಕಾಳಷ್ಟು ಚೆನ್ನಾಗಿ ಆಡುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಊರಿನಲ್ಲಿ ಪಂಚಮಿಗೆ ಆಡಿ ಆಡಿ ಕಲಿತವಳು. ಜೋಡಿ ಫುಗಡಿಗೆ ತನಗೆ ನಾನೇ ಬೇಕು ಎಂದಳು, ಟೀಚರು ನಮ್ಮಿಬ್ಬರ ಹೆಸರು ಬರೆದುಕೊಂಡರು. ಎದುರುಬದುರು ನಿಂತು, ಕಾಲ ಬೆರಳು ತಾಗಿಸಿ, ಕೈ ಕತ್ತರಿ ಹಾಕಿ ಹಿಡಿದು, ಹಿಂದಕ್ಕೆ ಮೈ ಚೆಲ್ಲಿ ಗರಗರ ತಿರುಗಬೇಕು. ಒಬ್ಬಳ ಭಾರವನ್ನು ಇನ್ನೊಬ್ಬಳು ಹಿಡಿದಿರುತ್ತಾಳೆ, ಅಷ್ಟೇ ಅದರ ಗುಟ್ಟು.

ಸ್ಪರ್ಧೆಯ ದಿನ ಕಾಶವ್ವ ಕೆಲಸದಿಂದ ನೇರ ಬಂದು ಅಂಗಳದ ಅಂಚಿನಲ್ಲಿ ನಿಂತಿದ್ದಳು. ತಲೆಯಿಂದ ಕಾಲಿನವರೆಗೂ ಕೆಂಪು ಧೂಳು. ನಾವು ಕೈ ಹಿಡಿಯುತ್ತಿದ್ದಂತೆ ದೊಡ್ಡ ದನಿಯಲ್ಲಿ ಕೂಗಿದಳು: “ಏ ಸುಮಾ, ನಮ್ಮ ರೇಣಿ ಕೈ ಗಟ್ಟಿ ಹಿಡಿಯವ್ವಾ.”

ಸುಲಕ್ಷಾಳ ಗುಂಪು ಕಿಸಕ್ಕನೆ ನಕ್ಕಿತು. ನಿನ್ನ ಹೆಸರು ಅವಳಿಗೆ ಹೇಗೆ ಗೊತ್ತು ಎಂದು ಸುಲಕ್ಷಾ ಕೊಂಕಣಿಯಲ್ಲಿ ಕೇಳಿದಳು. ಯಾರೋ, ನನಗೆ ಗೊತ್ತಿಲ್ಲ ಎಂದೆ, ಅದೂ ಕೊಂಕಣಿಯಲ್ಲಿ. ನನ್ನ ಕೈ ಹಿಡಿದು ನಿಂತ ರೇಣುಕಾ ಅದನ್ನು ಕೇಳಿದಳು, ತಿರುಗತೊಡಗಿದಳು. ವೇಗ ಏರಿತು, ಫೂ ಫೂ ಎಂಬ ಉಸಿರು ಏರಿತು. ಒಂದೊಂದು ಸುತ್ತಿಗೂ ಕಾಶವ್ವನ ಮುಖ, ಮರುಕ್ಷಣ ಆ ನಾಲ್ವರ ನಗು. ಇದು ಹೇಗಾದರೂ ಮುಗಿದರೆ ಸಾಕು ಅನ್ನಿಸಿ ನಾನು ಬೆರಳು ಸಡಿಲಿಸಿದೆ. ಜಾರಿತೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಜಾರಲಿಲ್ಲ, ಬಿಟ್ಟೆ. ಅವಳು ಮಾರು ದೂರ ಹೋಗಿ ಕಲ್ಲಿನ ಮೆಟ್ಟಿಲಿಗೆ ಬಿದ್ದಳು, ಮೊಣಕೈ ಸೀಳಿತು. ಟೀಚರು ಓಡಿ ಬಂದು ಕೇಳಿದರೆ, ತನ್ನ ಕೈಯೇ ಬೆವತಿತ್ತು ಎಂದುಬಿಟ್ಟಳು.

ಚೌತಿ ಕಳೆದ ಸ್ವಲ್ಪ ದಿನಕ್ಕೆ ಗಣಿ ನಿಂತಿತು. ಲಾರಿಗಳ ಸದ್ದಡಗಿ ಊರೇ ಕಿವುಡಾದ ಹಾಗಾಯಿತು. ಕೂಲಿ ಜನ ಗಂಟುಮೂಟೆ ಕಟ್ಟಿದರು. ಹೊರಡುವ ದಿನ ಕಾಶವ್ವ ನಮ್ಮ ಕಟ್ಟೆಗೆ ಬಂದು ಒಂದು ಡಬ್ಬಿ ಶೇಂಗಾ ಉಂಡಿ ನನ್ನ ಕೈಗಿಟ್ಟಳು. “ನಿನಗ ಸೇರತಾವಂತ ಮಾಡೇನಿ. ಅವತ್ತ ಗದ್ದಲದಾಗ ನಾ ಒದರಿದ್ದು ನಿನಗ ಕೇಳಿಸಲಿಲ್ಲ ಬಿಡವ್ವಾ,” ಎಂದು ನನ್ನ ತಲೆ ಸವರಿದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಅವ್ವನನ್ನು ಮಾತಾಡಿಸಲು ಒಳಗೆ ಹೋದಳು. ಕಟ್ಟೆಯ ಕೆಳಗೆ ನಿಂತಿದ್ದ ರೇಣುಕಾ ಮೆಲ್ಲಗೆ ಹೇಳಿದಳು: “ನನ್ನ ಕೈ ಬೆವತಿದ್ದಿಲ್ಲ, ಸುಮಾ.”

ನಾನು ಡಬ್ಬಿಯ ಮುಚ್ಚಳ ಒತ್ತಿ ಒತ್ತಿ ಮುಚ್ಚಿದೆ. ಅಷ್ಟರಲ್ಲಿ ಟೆಂಪೋದವನು ಹಾರ್ನ್ ಹೊಡೆದ.

ಮರುವರ್ಷ ನಾವೂ ಬೆಳಗಾವಿಗೆ ಬಂದೆವು. ಸುಲಕ್ಷಾಳ ಗುಂಪಿನ ಒಬ್ಬಳ ಮುಖವೂ ಈಗ ಸರಿಯಾಗಿ ನೆನಪಿಲ್ಲ. ಆ ಮನೆ, ಕಟ್ಟೆ ಎರಡೂ ಇಲ್ಲವಂತೆ. ಮುದ್ದೇಬಿಹಾಳದವರು ಯಾರೇ ಸಿಗಲಿ, ರೇಣುಕಾ ಎಂಬವಳನ್ನು ಬಲ್ಲಿರಾ ಎಂದು ಕೇಳುತ್ತೇನೆ. ಯಾವ ರೇಣುಕಾ ಎನ್ನುತ್ತಾರೆ.

ಒಮ್ಮೊಮ್ಮೆ ಸಂಜೆ ಮಗಳಿಗೆ ಫುಗಡಿ ಆಡಿಸುತ್ತೇನೆ. ಎರಡು ಸುತ್ತು ಹಾಕುವಷ್ಟರಲ್ಲಿ ಅವಳು, “ಅವ್ವಾ, ಕೈ ನೋಯಾಕತ್ತಾವು, ಬಿಡು,” ಎನ್ನುತ್ತಾಳೆ. ಅವಳ ಎರಡೂ ಕಾಲು ನೆಲದ ಮೇಲೆ ನಿಲ್ಲುವವರೆಗೆ ನಾನು ಬಿಡುವುದಿಲ್ಲ.